ಒಂಟಿ ಚಪ್ಪಲಿಯ ಅಂಗಡಿ

ನಮ್ಮ ಮಾರುಕಟ್ಟೆಯಲ್ಲಿ ಏನನ್ನೂ ಮಾರದೆ, ಏನನ್ನೂ ಕೊಳ್ಳದೆ ಬೆಳಗಿನಿಂದ ಸಂಜೆಯವರೆಗೆ ಕೂತಿದ್ದು ಹೋಗುತ್ತಿದ್ದವರು ಒಬ್ಬರೇ. ಅವರನ್ನು ಎಲ್ಲರೂ ದೊಡ್ಡಮ್ಮ ಎನ್ನುತ್ತೇವೆ. ನಮ್ಮಲ್ಲಿ ಯಾರಿಗೂ ಅವರು ನಿಜವಾಗಿ ದೊಡ್ಡಮ್ಮನಲ್ಲ. ಸ್ವಂತ ತಂಗಿಯ ಮಕ್ಕಳು ಎಲ್ಲೋ ಇದ್ದಾರಂತೆ, ಅವರು ಈ ಕಡೆ ತಲೆ ಹಾಕಿದ್ದನ್ನು ನಾನಂತೂ ಕಂಡಿಲ್ಲ. ನನ್ನದು ಅವರ ಪಕ್ಕದ ಜಾಗ. ಬಕೆಟ್ಟು, ಮಗ್ಗು, ಪೊರಕೆ ಮಾರುತ್ತೇನೆ. ಅವರ ವಿಷಯ ನನಗೆ ಗೊತ್ತಿರುವಷ್ಟು ಅವರ ಮಗನಿಗೂ ಗೊತ್ತಿಲ್ಲ ಎಂದು ಧೈರ್ಯವಾಗಿ ಹೇಳಬಲ್ಲೆ. ಬೇಡವೆಂದರೂ ಕಿವಿಗೆ ಬೀಳುತ್ತದೆ, ಏನು ಮಾಡುವುದು.

ಅವರು ಕೂರುವ ಕಲ್ಲಿನ ಕಟ್ಟೆ ಅವರ ಯಜಮಾನರದು. ಆ ಪುಣ್ಯಾತ್ಮ ಅಲ್ಲಿ ಬೀಗ ರಿಪೇರಿ ಮಾಡುತ್ತಿದ್ದರು, ಇಡೀ ದಿನ ಬಾಯಿ ಬಿಡುತ್ತಿರಲಿಲ್ಲ. ಒಂದು ದಿನ ಮಲಗಿದವರು ಏಳಲಿಲ್ಲ. ಎಲ್ಲ ಮುಗಿದ ಮೇಲೆ ದೊಡ್ಡಮ್ಮ ಅವರ ಸಾಮಾನಿನ ಪೆಟ್ಟಿಗೆಯನ್ನು ಮನೆಗೆ ತೆಗೆದುಕೊಂಡು ಹೋಗಲು ಬಂದರು. ಬಿಸಿಲಲ್ಲಿ ನಡೆದು ಬಂದಿದ್ದರು, ಸ್ವಲ್ಪ ಸುಧಾರಿಸಿಕೊಂಡು ಹೋಗ್ತೀನಿ ಎಂದು ಕಟ್ಟೆಯ ಮೇಲೆ ಕೂತರು. ಅದಾಗಿ ಬಹಳ ವರ್ಷವಾಯಿತು, ಇನ್ನೂ ಸುಧಾರಿಸಿಕೊಳ್ಳುತ್ತಲೇ ಇದ್ದಾರೆ. ಪೆಟ್ಟಿಗೆಯನ್ನು ಮಾತ್ರ ಮಗ ಬಂದು ಹೊತ್ತುಕೊಂಡು ಹೋದ.

ಕೂತು ಏನು ಮಾಡುತ್ತಾರೆ ಎಂದು ಕೇಳಿದರೆ ಹೇಳುವಂಥದ್ದೇನೂ ಇಲ್ಲ. ಟೀ ಕುಡಿಯಲು ಹೋಗುವವರು ಅಂಗಡಿಯ ಮೇಲೆ ಒಂದು ಕಣ್ಣಿಡಿ ಎಂದು ಹೇಳಿ ಹೋಗುತ್ತಾರೆ. ಕೊಳ್ಳಲು ಬಂದವರು ಭಾರದ ಚೀಲವನ್ನೋ ಅಳುವ ಕೂಸನ್ನೋ ಅವರ ಪಕ್ಕ ಇಳಿಸಿ ಹೋಗುತ್ತಾರೆ. ಒಬ್ಬಳಂತೂ ತನ್ನ ಅತ್ತೆಯನ್ನೇ ಇಳಿಸಿ ಹೋಗಿದ್ದಳು, ಸಂಜೆಯವರೆಗೂ ಪತ್ತೆಯಿಲ್ಲ. ದೊಡ್ಡಮ್ಮ ಬಹಳ ಬುದ್ಧಿವಂತೆ, ಎಲ್ಲರಿಗೂ ದಾರಿ ತೋರಿಸುವವರು ಎಂದೆಲ್ಲ ತಿಳಿಯಬೇಡಿ. ಅವರ ಸಲಹೆ ಕೇಳಿ ಉದ್ಧಾರವಾದವರನ್ನು ನಾನು ನೋಡಿಲ್ಲ. ಹೇಳಿದ್ದನ್ನು ಅರ್ಧ ಕೇಳಿಸಿಕೊಳ್ಳುತ್ತಾರೆ, ಉಳಿದರ್ಧಕ್ಕೆ ಬೇರೆ ಯಾರದೋ ಮನೆಯ ಕಥೆ ಅಂಟಿಸುತ್ತಾರೆ. ಒಮ್ಮೆ ಈರುಳ್ಳಿಯವನ ಕೈ ಹಿಡಿದುಕೊಂಡು, ತಾಯಿಯನ್ನು ಕಳೆದುಕೊಂಡ ದುಃಖ ಸಣ್ಣದಲ್ಲ ಕಣಪ್ಪ ಎಂದು ಸಮಾಧಾನ ಹೇಳತೊಡಗಿದರು. ಅವನ ತಾಯಿ ಅಲ್ಲೇ ನಿಂತು ಈರುಳ್ಳಿ ಆರಿಸುತ್ತಿದ್ದಳು. ತೀರಿಕೊಂಡಿದ್ದು ಮೀನಿನವನ ತಾಯಿ. ಆದರೂ ಈರುಳ್ಳಿಯವನು ಕಣ್ಣೊರೆಸಿಕೊಂಡ, ಅವನ ತಾಯಿಯೂ ಕಣ್ಣೊರೆಸಿಕೊಂಡಳು. ಆ ತಾಯಿ ಮಗ ಮಾತು ಬಿಟ್ಟು ಆಗಲೇ ತಿಂಗಳುಗಳಾಗಿದ್ದವು, ಅವತ್ತು ಒಟ್ಟಿಗೆ ಮನೆಗೆ ಹೋದರು.

ಹೆಸರು ನೆನಪಿಟ್ಟುಕೊಳ್ಳುವ ಗೋಜಿಗೂ ಅವರು ಹೋದವರಲ್ಲ. ನಾನು ಬಕೆಟ್ಟು, ಅವನು ಈರುಳ್ಳಿ, ಎದುರಿನವಳು ಸೊಪ್ಪು. ಮೂಲೆಯಲ್ಲಿ ಚಪ್ಪಲಿ ಹೊಲಿಯುವವನನ್ನು ಮಾತ್ರ, ಹಾಗೆ ಕರೆದರೆ ಚೆನ್ನಾಗಿರುವುದಿಲ್ಲ ಎಂದು, ‘ತಮ್ಮ’ ಎನ್ನುತ್ತಾರೆ.

ಎಲ್ಲ ಸರಿಯಾಗಿಯೇ ನಡೆಯುತ್ತಿತ್ತು, ಹೊಸ ಮೇಲ್ವಿಚಾರಕ ಬಂದ. ಕೆಟ್ಟವನಲ್ಲ. ಕೆಟ್ಟವನಾಗಿದ್ದರೆ ಹೇಗೋ ನಿಭಾಯಿಸಬಹುದಿತ್ತು. ಇವನಿಗೆ ಮಾರುಕಟ್ಟೆಯನ್ನು ಉದ್ಧಾರ ಮಾಡುವ ಆಸೆ. ಬಂದ ವಾರದಲ್ಲೇ ಕಂಬಕ್ಕೊಂದು ಬೋರ್ಡು ಹಾಕಿಸಿದ: ‘ಮಾರುವವರಿಗೆ ಮತ್ತು ಕೊಳ್ಳುವವರಿಗೆ ಮಾತ್ರ ಪ್ರವೇಶ.’ ನಾಲ್ಕೂ ಕಡೆ ಬಯಲು, ತಲೆಯ ಮೇಲೆ ಆಕಾಶ, ಬಾಗಿಲು ಅನ್ನುವುದೇ ಇಲ್ಲದ ಜಾಗಕ್ಕೆ ಪ್ರವೇಶದ ಬೋರ್ಡು. ನಾವು ನಕ್ಕು ಸುಮ್ಮನಾದೆವು. ಅವನು ಸುಮ್ಮನಾಗಲಿಲ್ಲ. ಕೈಯಲ್ಲಿ ಸಣ್ಣ ಮೈಕು ಹಿಡಿದು ಒಬ್ಬೊಬ್ಬರ ಮುಂದೆಯೂ ನಿಂತು ಕೇಳುತ್ತ ಬಂದ. ಮೈಕು ಯಾಕೆ ಎಂದರೆ, ಕೊಟ್ಟಿದ್ದಾರೆ, ಬಳಸದಿದ್ದರೆ ವಾಪಸು ತೆಗೆದುಕೊಳ್ಳುತ್ತಾರೆ ಎಂದ.

ದೊಡ್ಡಮ್ಮನ ಮುಂದೆ ನಿಂತು ಮೈಕಿನಲ್ಲೇ ಕೇಳಿದ, “ಅಮ್ಮಾ, ನೀವು ಮಾರೋರೋ, ಕೊಳ್ಳೋರೋ?”

“ಎರಡೂ ಅಲ್ಲಪ್ಪ. ಸುಮ್ನೆ ಕೂತಿದೀನಿ.”

ಅವನ ಮುಖ ಸಪ್ಪಗಾಯಿತು. ಸುಮ್ಮನೆ ಕೂರುವವರ ಬಗ್ಗೆ ಅವನ ನಿಯಮದಲ್ಲಿ ಒಂದಕ್ಷರವೂ ಇರಲಿಲ್ಲ. ಮಾರುವವರಾದರೆ ಕಟ್ಟೆ ನಿಮ್ಮದೇ, ಇಲ್ಲವಾದರೆ ಮುಂದಿನ ವಾರ ಬೇರೆಯವರಿಗೆ ಕೊಡಬೇಕಾಗುತ್ತದೆ ಎಂದು ಹೇಳಿ, ದಯವಿಟ್ಟು ತಪ್ಪು ತಿಳಿಯಬೇಡಿ ಎಂಬುದನ್ನೂ ಇಡೀ ಮಾರುಕಟ್ಟೆಗೆ ಕೇಳುವಂತೆ ಹೇಳಿ ಮುಂದೆ ಹೋದ.

ಅವತ್ತು ದೊಡ್ಡಮ್ಮ ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ನಾನು ಕೇಳಿದ್ದಕ್ಕೆ, ಎಂದೂ ಹೇಳದಿದ್ದ ಮಾತನ್ನು ಹೇಳಿದರು. ಅವರ ಮನೆ ಎರಡೇ ಕೋಣೆ. ಮಗ, ಸೊಸೆ, ಓದುವ ಮೊಮ್ಮಕ್ಕಳು, ಸೊಸೆಯ ಹೊಲಿಗೆ ಯಂತ್ರ, ಅದಕ್ಕೆ ಬರುವ ಬಟ್ಟೆಯ ಗಂಟುಗಳು. ಎಲ್ಲರೂ ಒಳ್ಳೆಯವರೇ. ಹೊತ್ತಿಗೆ ಸರಿಯಾಗಿ ಊಟ ಹಾಕುತ್ತಾರೆ, ಕಾಯಿಲೆಯಾದರೆ ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತಾರೆ. “ಆದ್ರೆ ಎಲ್ ಕೂತ್ರೂ ಯಾರಿಗಾದ್ರೂ ಅಡ್ಡ ಆಗ್ತೀನಿ ಕಣೋ ಬಕೆಟ್ಟು. ಅವರೇನೂ ಬೈಯಲ್ಲ. ಸ್ವಲ್ಪ ಸರೀರಿ ಅಂತಾರೆ, ಸರೀತೀನಿ. ಮತ್ತೆ ಸರೀರಿ ಅಂತಾರೆ. ದಿನವೆಲ್ಲ ಸರೀತಾನೇ ಇರ್ಬೇಕು. ಈ ಕಲ್ಲಿನ ಮೇಲೆ ಮಾತ್ರ ನಾನು ಕೂತಲ್ಲೇ ಕೂತಿರ್ತೀನಿ.”

ನನಗೆ ಕೋಪ ಬಂತು, ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಕೊನೆಗೆ ಬಕೆಟ್ಟು ಕೊಳ್ಳಲು ಬಂದ ಒಬ್ಬ ಪಾಪದವನ ಮೇಲೆ ಕೂಗಾಡಿದೆ.

ಸಂಜೆ ವ್ಯಾಪಾರ ಇಳಿದ ಮೇಲೆ ನಾವೆಲ್ಲ ಸೇರಿ ದೊಡ್ಡಮ್ಮ ಏನನ್ನು ಮಾರಬೇಕೆಂದು ತಲೆ ಕೆಡಿಸಿಕೊಂಡೆವು. ನಿಜವಾಗಿ ಏನಾದರೂ ಮಾರಲಿ ಎಂದು ಸೂಚಿಸುವ ಧೈರ್ಯ ಯಾರಿಗೂ ಇರಲಿಲ್ಲ. ತರಕಾರಿ ಎಂದರೆ ತರಕಾರಿಯವರ ಕಣ್ಣು ಕೆಂಪಾಗುತ್ತದೆ, ಹಣ್ಣು ಎಂದರೆ ಹಣ್ಣಿನವರದು. ಮೇಲಾಗಿ ಗಿರಾಕಿಗಳು ಬಂದು ಮುತ್ತಿಕೊಂಡರೆ ನಮ್ಮ ಜೊತೆ ಮಾತಾಡುವವರು ಯಾರು? ಆದ್ದರಿಂದ ಕೊಳೆಯದ, ಕಳ್ಳರೂ ಮುಟ್ಟದ, ಯಾರೂ ಜನ್ಮದಲ್ಲಿ ಕೊಳ್ಳದ ಮಾಲು ಬೇಕಾಗಿತ್ತು. ಇಂಥದ್ದೊಂದು ಮಾಲು ಹುಡುಕುವುದು ಎಷ್ಟು ಕಷ್ಟ ಎಂದು ಅವತ್ತೇ ಗೊತ್ತಾಯಿತು. ಕಲ್ಲು ಇಡೋಣ ಎಂದರೆ ಬಟ್ಟೆ ಒಗೆಯಲು ಒಯ್ಯುತ್ತಾರೆ. ತಳ ಒಡೆದ ಬಕೆಟ್ಟು ಕೊಡುತ್ತೇನೆ ಎಂದೆ. ಗಿಡ ನೆಡಲು ತನಗೇ ಬೇಕು ಎಂದಳು ಸೊಪ್ಪಿನವಳು. ಆಗ ಚಪ್ಪಲಿಯವನು ಎದ್ದು ಹೋಗಿ ತನ್ನ ಪೆಟ್ಟಿಗೆಯ ತಳದಿಂದ ಒಂದು ಚಪ್ಪಲಿ ತಂದ. ಎಡಗಾಲಿನದು, ಗಂಡಸರ ಅಳತೆ, ಹೊಸದು, ದಪ್ಪ ಚರ್ಮ. ಅದರ ಜೋಡಿಯನ್ನು ನಾಯಿ ಕಚ್ಚಿಕೊಂಡು ಹೋಗಿತ್ತು. ನಾವು ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಒಂಟಿ ಚಪ್ಪಲಿಯನ್ನು ಕೊಳ್ಳುವ ಹುಚ್ಚ ಇನ್ನೂ ಹುಟ್ಟಿಲ್ಲ ಎಂದು ಈರುಳ್ಳಿಯವನು ತೀರ್ಪು ಕೊಟ್ಟ. ಎಲ್ಲರೂ ತಲೆಯಾಡಿಸಿದೆವು, ನಾನೂ ಆಡಿಸಿದೆ.

ಮರುದಿನದಿಂದ ಕಟ್ಟೆಯ ಮೇಲೆ ಕೆಂಪು ಬಟ್ಟೆ, ಅದರ ಮೇಲೆ ಚಪ್ಪಲಿ, ಅದರ ಪಕ್ಕ ದೊಡ್ಡಮ್ಮ. ಮೇಲ್ವಿಚಾರಕ ಬಂದು ಬಹಳ ಹೊತ್ತು ನೋಡಿದ. ಇನ್ನೊಂದೆಲ್ಲಿ ಎಂದು ಕೇಳಿದ. ಇನ್ನೊಂದಿಲ್ಲ ಎಂದರು ದೊಡ್ಡಮ್ಮ. ಇದನ್ನು ಯಾರು ಕೊಳ್ಳುತ್ತಾರೆ ಎಂದಾಗ, ಬರುತ್ತಾರಪ್ಪ, ವ್ಯಾಪಾರ ಎಂದ ಮೇಲೆ ತಾಳ್ಮೆ ಬೇಕಲ್ಲವೇ ಎಂದರು. ಮಾಲು ಇರಬೇಕು ಎಂದು ನಿಯಮದಲ್ಲಿತ್ತೇ ಹೊರತು ಜೋಡಿಯಾಗಿರಬೇಕು ಎಂದಿರಲಿಲ್ಲ. ಅವನು ತಲೆ ಕೆರೆದುಕೊಂಡು, ಶುಭವಾಗಲಿ ಎಂದು ಮೈಕಿನಲ್ಲಿ ಹಾರೈಸಿ ಹೋದ.

ಚಪ್ಪಲಿ ಬಂದ ಮೇಲೆ ದೊಡ್ಡಮ್ಮನ ಬಳಿ ಬರುವವರಿಗೆ ಇನ್ನಷ್ಟು ಅನುಕೂಲವೇ ಆಯಿತು. ಮೊದಲಾದರೆ ಮಾತಿಗೆ ಪೀಠಿಕೆ ಹಾಕಬೇಕಿತ್ತು, ಈಗ ಚಪ್ಪಲಿಯ ರೇಟು ಕೇಳಿದರೆ ಸಾಕು. ಒಂದು ಮಾತು ರೇಟಿನದು, ಆಮೇಲೆ ಮನೆಯ ಪುರಾಣ. ಹೊಸದಾಗಿ ಮದುವೆಯಾಗಿ ಬಂದ ಹುಡುಗಿಯರು ಅದರ ಮೇಲೆ ಚೌಕಾಸಿ ಮಾಡುವುದನ್ನು ಕಲಿತರು. ಗಂಡನ ಮೇಲೆ ಸಿಟ್ಟಾದ ಒಬ್ಬಳು ಅವನನ್ನು ಪಕ್ಕದಲ್ಲೇ ನಿಲ್ಲಿಸಿಕೊಂಡು, ಇದು ಗಟ್ಟಿಮುಟ್ಟಾಗಿದೆಯಾ ದೊಡ್ಡಮ್ಮ ಎಂದು ಕೇಳಿದಳು. ಆತ ಅವತ್ತಿನಿಂದ ಚೀಲ ತಾನೇ ಹೊರುತ್ತಾನೆ. ದೊಡ್ಡಮ್ಮ ಮಾತ್ರ ಯಾವುದಕ್ಕೂ ಇರಲಿ ಎಂದು ರೇಟನ್ನು ಏರಿಸುತ್ತಲೇ ಹೋದರು. ಕೊನೆಕೊನೆಗೆ ಅದು ಎರಡು ಜೋಡಿ ಬೂಟಿನ ರೇಟಾಗಿತ್ತು.

ಹೀಗಿರುವಾಗ ಒಂದು ಬೆಳಗ್ಗೆ ಆತ ಬಂದ. ದಪ್ಪ ಮೀಸೆ, ಇಸ್ತ್ರಿ ಮಾಡಿದ ಅಂಗಿ, ಕಂಕುಳಲ್ಲಿ ಊರುಗೋಲು. ಹಿಂದೆ ಲಾರಿ ಓಡಿಸುತ್ತಿದ್ದವನು ಎಂದು ಆಮೇಲೆ ಗೊತ್ತಾಯಿತು. ಬಲಗಾಲು ಮೊಣಕಾಲಿನಿಂದ ಕೆಳಗಿರಲಿಲ್ಲ. ತರಕಾರಿ ನೋಡುತ್ತ ಬರುತ್ತಿದ್ದವನು ದೊಡ್ಡಮ್ಮನ ಕಟ್ಟೆಯ ಮುಂದೆ ಗಕ್ಕನೆ ನಿಂತ. ಚಪ್ಪಲಿ ನೋಡಿದ. ಕೆಂಪು ಬಟ್ಟೆಯ ಮೇಲೆ ಅದೊಂದೇ ಇರುವುದನ್ನು ನೋಡಿದ. ಅದನ್ನು ಕೆಳಗಿಟ್ಟು, ತನ್ನ ಹಳೆಯದನ್ನು ಬಿಟ್ಟು, ಕಾಲು ತೂರಿಸಿದ. ಅಳತೆ ತೆಗೆದು ಹೊಲಿದ ಹಾಗೆ ಕೂತಿತು.

ಈರುಳ್ಳಿಯವನು ತಕ್ಕಡಿ ಹಿಡಿದ ಕೈಯನ್ನು ಹಾಗೆಯೇ ಎತ್ತಿ ನಿಂತ. ಆ ಸಾಲಿನಲ್ಲಿ ವ್ಯಾಪಾರ ನಿಂತುಹೋಯಿತು. ಆತ ಎಷ್ಟು ಎಂದು ಕೇಳಿದ. ದೊಡ್ಡಮ್ಮ ತಮ್ಮ ಆಕಾಶ ಮುಟ್ಟಿದ ರೇಟನ್ನು ಹೇಳಿದರು. ಆತ ಚೌಕಾಸಿ ಮಾಡದೆ ಜೇಬಿಗೆ ಕೈ ಹಾಕಿದ. ಇಷ್ಟು ವರ್ಷ ಎರಡಕ್ಕೆ ಕೊಟ್ಟು ಒಂದನ್ನು ಹಾಕಿಕೊಂಡವನು ತಾನು, ಒಂದನ್ನೇ ಮಾರುವ ಬುದ್ಧಿ ಈ ಪ್ರಪಂಚದಲ್ಲಿ ಕೊನೆಗೂ ಒಬ್ಬರಿಗೆ ಬಂತಲ್ಲ ಎಂದು ಸಂತೋಷಪಟ್ಟ.

ನಾವು ಓಡಿದೆವು. ಅದು ಮಾರಾಟಕ್ಕಿಲ್ಲ ಎಂದೆ ನಾನು. ಹಾಗಾದರೆ ರೇಟು ಯಾಕೆ ಹೇಳಿದರು ಎಂದು ಕೇಳಿದ. ಚಪ್ಪಲಿಯವನು ಎದೆ ಗಟ್ಟಿ ಮಾಡಿಕೊಂಡು, ಈ ಮಾಲು ಸರಿಯಿಲ್ಲ ಅಣ್ಣ, ಪಟ್ಟಿ ಕಿತ್ತು ಬರುತ್ತದೆ, ಹೊಲಿದವನಿಗೆ ಕೆಲಸ ಬರುವುದಿಲ್ಲ ಎಂದ. ತಾನೇ ಹೊಲಿದದ್ದನ್ನು ತಾನೇ ಹೀಗೆ ಹೇಳಬೇಕಾಗಿ ಬಂದ ಅವನ ಮುಖ ನೋಡಲಾಗುತ್ತಿರಲಿಲ್ಲ. ಆತ ಪಟ್ಟಿಯನ್ನು ಜಗ್ಗಿ ನೋಡಿದ, ಅದು ಅಲ್ಲಾಡಲಿಲ್ಲ. ಆಮೇಲೆ ನಮ್ಮೆಲ್ಲರ ಮುಖವನ್ನೂ ಒಂದೊಂದಾಗಿ ನೋಡಿದ. ಸಂತೋಷ ಅವನ ಮುಖದಿಂದ ಇಳಿದುಹೋಯಿತು.

“ಗೊತ್ತಾಯ್ತು ಬಿಡಿ. ತಮಾಷೆಗೆ ಇಟ್ಟಿರೋದು ಇದು. ನಾನು ಬಂದಿದ್ದರಿಂದ ನಿಮ್ಮ ತಮಾಷೆ ಕೆಡ್ತು.”

ಅವನು ಚಪ್ಪಲಿ ಕಳಚಲು ಬಗ್ಗಿದ. ಒಂಟಿ ಕಾಲಲ್ಲಿ ಬಗ್ಗುವುದು ಸುಲಭವಲ್ಲ, ಊರುಗೋಲು ಜಾರಿತು. ದೊಡ್ಡಮ್ಮ ಕಟ್ಟೆಯಿಂದ ಇಳಿದು ಅವನ ರಟ್ಟೆ ಹಿಡಿದುಕೊಂಡರು.

“ತೆಗೀಬೇಡ ಕಣಪ್ಪ. ಹಾಕ್ಕೊಂಡೇ ಹೋಗು. ನಿನಗೋಸ್ಕರಾನೇ ಇಟ್ಕೊಂಡ್ ಕೂತಿದ್ದೆ.”

ಇದಕ್ಕಿಂತ ದೊಡ್ಡ ಸುಳ್ಳನ್ನು ಅವರ ಬಾಯಲ್ಲಿ ನಾನು ಕೇಳಿರಲಿಲ್ಲ. ಆತ ಹೊಸ ಚಪ್ಪಲಿಯಲ್ಲಿ ಟಕಟಕ ಎಂದು ಹೋದ. ದೊಡ್ಡಮ್ಮ ಖಾಲಿ ಬಟ್ಟೆಯ ಪಕ್ಕ ಕೂತರು. ಆ ರೇಟೂ ಅವರು ತೆಗೆದುಕೊಳ್ಳಲಿಲ್ಲ, ಚಪ್ಪಲಿಯವನ ಕೂಲಿಯಷ್ಟನ್ನು ಮಾತ್ರ ಅವನಿಗೆ ಕೊಡಿಸಿದ್ದರು. ಯಾಕೆ ಹೀಗೆ ಮಾಡಿದಿರಿ ಎಂದು ನಾನು ರೇಗಿದೆ. ನನ್ನ ಜಾಗ ಹೋಗಬಾರದು ಅಂತ ಅವನ ಕಾಲಿಂದ ಚಪ್ಪಲಿ ಕಳಚಿಸಿ ಕಳಿಸಲೇನೋ ಎಂದು ತಿರುಗಿ ರೇಗಿದರು.

ಮಧ್ಯಾಹ್ನ ಮೇಲ್ವಿಚಾರಕ ಬಂದ. ಬಟ್ಟೆ ಖಾಲಿಯಿದ್ದುದನ್ನು ಕಂಡು ಅವನಿಗೆ ರೋಮಾಂಚನವೇ ಆಯಿತು. ಇವರನ್ನು ನೋಡಿ ಕಲಿಯಿರಿ ಎಂದು ಮೈಕಿನಲ್ಲಿ ನಮಗೆಲ್ಲ ಬುದ್ಧಿ ಹೇಳಿದ. ನಾಳೆಗೆ ಏನು ಮಾಲು ಎಂದು ಕೇಳಿದ. ಮಾಲಿಲ್ಲದಿದ್ದರೆ ನಿಯಮ ನಿಯಮವೇ ಎಂಬುದನ್ನೂ ಸೇರಿಸಿದ.

ನಾವು ಸಿಕ್ಕಿದ್ದನ್ನೆಲ್ಲ ತಂದು ಇಟ್ಟೆವು. ಆದರೆ ಒಂಟಿ ಚಪ್ಪಲಿಯೇ ಖರ್ಚಾದ ಸುದ್ದಿ ಊರೆಲ್ಲ ಹಬ್ಬಿತ್ತು. ಬೇರೆಲ್ಲೂ ಸಿಗದ್ದು ಆ ಅಮ್ಮನ ಹತ್ತಿರ ಸಿಗುತ್ತದೆ ಎಂದು ಜನ ಹುಡುಕಿಕೊಂಡು ಬಂದರು. ಪಾತ್ರೆಯಿಲ್ಲದ ಮುಚ್ಚಳ ಇಟ್ಟರೆ, ಮುಚ್ಚಳವಿಲ್ಲದ ಪಾತ್ರೆಯನ್ನು ಕಂಕುಳಲ್ಲಿ ಇಟ್ಟುಕೊಂಡೇ ಒಬ್ಬಳು ಬಂದಳು. ಬಟ್ಟೆ ಹರಿದ ಕೊಡೆಯ ಅಸ್ಥಿಪಂಜರವನ್ನು ಬಳ್ಳಿ ಹಬ್ಬಿಸಲು ಒಬ್ಬ ಒಯ್ದ. ಮುಳ್ಳಿಲ್ಲದ ಗೋಡೆ ಗಡಿಯಾರ ಇಟ್ಟೆವು. ಹೊತ್ತು ನೋಡಿ ನೋಡಿ ಸಾಕಾಗಿದೆ ಎಂದು ಒಬ್ಬ ನಿವೃತ್ತ ಗುಮಾಸ್ತ ಅದನ್ನು ಎದೆಗವಚಿಕೊಂಡು ಹೋದ. ದೊಡ್ಡಮ್ಮನಿಗೆ ಉಸಿರಾಡಲೂ ಬಿಡುವಿಲ್ಲ. ಮೀನಿನವನು ತನ್ನ ಮಗಳ ವಿಷಯ ಹೇಳಿಕೊಳ್ಳಲು ಬಂದರೆ ಸರದಿಯಲ್ಲಿ ಬಾ ಎಂದು ಜನ ಹಿಂದಕ್ಕೆ ದಬ್ಬಿದರು. ವ್ಯಾಪಾರ ಹೆಚ್ಚಾದಷ್ಟೂ ಅವರ ಮುಖ ಇಳಿಯುತ್ತಿತ್ತು.

ಮೇಲ್ವಿಚಾರಕ ಸಂತೋಷದ ಸುದ್ದಿ ತಂದ. ಇಷ್ಟು ಒಳ್ಳೆಯ ವ್ಯಾಪಾರಸ್ಥರನ್ನು ಬಿಸಿಲಲ್ಲಿ ಕೂರಿಸುವುದು ತಪ್ಪಂತೆ. ರಸ್ತೆಯಾಚೆಯ ಕಟ್ಟಡದಲ್ಲಿ, ಮಹಡಿಯ ಮೇಲೆ, ಕೊನೆಯ ಮಳಿಗೆಯನ್ನು ದೊಡ್ಡಮ್ಮನಿಗೆ ಕೊಡಿಸುತ್ತಾನಂತೆ. ಶಟರ್ ಇದೆ, ಫ್ಯಾನ್ ಇದೆ, ಯಾರ ತೊಂದರೆಯೂ ಇಲ್ಲ. ದೊಡ್ಡಮ್ಮ ನನ್ನ ಕಡೆ ನೋಡಿದರು. ಮಾರದಿದ್ದರೆ ಮನೆಗೆ, ಮಾರಿದರೆ ಮಹಡಿಗೆ. ನನಗೆ ನಗು ಬರಬೇಕಿತ್ತು, ಬರಲಿಲ್ಲ.

ಅದೇ ಹೊತ್ತಿಗೆ ಲಾರಿಯವನು ಮತ್ತೆ ಬಂದ. ಟೀ ಅಂಗಡಿಯಲ್ಲಿ ಯಾರೋ ಅವನಿಗೆ ಇಡೀ ಕಥೆಗೆ ಒಗ್ಗರಣೆ ಹಾಕಿ ಹೇಳಿದ್ದರು. ಬಂದವನೇ ಕಟ್ಟೆಗೆ ಒರಗಿ ಚಪ್ಪಲಿ ಕಳಚಿ ಕೆಂಪು ಬಟ್ಟೆಯ ಮೇಲಿಟ್ಟ. ದೊಡ್ಡಮ್ಮ ಅದನ್ನು ಕೆಳಗಿಟ್ಟರು. ಅವನು ಮೇಲಿಟ್ಟ. ಅವರು ಕೆಳಗಿಟ್ಟರು. ಮಾರಿದ್ದು ಮಾರಿದ್ದೇ, ತಿರುಗಿ ತೆಗೆದುಕೊಳ್ಳುವ ಪದ್ಧತಿ ನಮ್ಮಲ್ಲಿಲ್ಲ ಎಂದು, ಹುಟ್ಟಾ ವ್ಯಾಪಾರಿಯ ಹಾಗೆ ಗದರಿದರು. ಅವನು ಚಪ್ಪಲಿಯನ್ನು ಮತ್ತೆ ಹಾಕಿಕೊಂಡು ಆಟೋ ಹತ್ತಿ ಹೋದ. ವಾಪಸು ಬಂದಾಗ ಆಟೋದಲ್ಲಿ ಒಂದು ದೊಡ್ಡ ಮೂಟೆ ಇತ್ತು.

ಬಿಚ್ಚಿದರೆ ಎಲ್ಲ ಬಲಗಾಲಿನವು. ಚಪ್ಪಲಿ, ಬೂಟು, ಸ್ಯಾಂಡಲ್ಲು, ಮಳೆಗಾಲದ ರಬ್ಬರಿನವು. ಎಲ್ಲವೂ ಕೊಂಡಾಗ ಹೇಗಿದ್ದವೋ ಹಾಗೆಯೇ ಇದ್ದವು, ಅಡಿಗೆ ಮಣ್ಣು ಸೋಕಿರಲಿಲ್ಲ. ಕೆಲವು ಕಾಲೇಜು ಹುಡುಗರು ಹಾಕುವಂಥವು. ಲಾರಿ ಹಿಡಿದ ಹೊಸದರಲ್ಲೇ, ಅಷ್ಟು ಚಿಕ್ಕ ವಯಸ್ಸಿನಲ್ಲೇ ಆತನ ಕಾಲು ಹೋಗಿತ್ತು ಎಂದು ಅವುಗಳನ್ನು ನೋಡಿದ ಮೇಲೆಯೇ ನಮಗೆ ತಿಳಿದದ್ದು. ಚಪ್ಪಲಿಯವನು ಒಂದು ಬೂಟನ್ನು ಎತ್ತಿಕೊಂಡು, ಒಳ್ಳೆಯ ಹೊಲಿಗೆ ಎಂದಷ್ಟೇ ಹೇಳಿ ಕೆಳಗಿಟ್ಟ.

“ಎಸೆಯೋಕೆ ಮನಸ್ಸು ಬರ್ಲಿಲ್ಲ ದೊಡ್ಡಮ್ಮ,” ಎಂದ ಆತ. “ಇಟ್ಕೊಂಡು ಏನ್ ಮಾಡೋದು ಅಂತಾನೂ ಗೊತ್ತಾಗ್ಲಿಲ್ಲ. ಇವನ್ನ ಯಾರೂ ಕೊಳ್ಳಲ್ಲ, ನನ್ನ ಮಾತು ನಂಬಿ. ಮಾರೋಕೆ ನಾನೇ ಎಷ್ಟು ವರ್ಷ ನೋಡಿದೀನಿ.”

ಅವೆಲ್ಲವನ್ನೂ ಕಟ್ಟೆಯ ತುಂಬ ಜೋಡಿಸಿದೆವು. ಜನ ಬಂದರು, ನೋಡಿದರು, ಎಡಗಾಲಿನದು ಎಲ್ಲಿ ಎಂದು ಕೇಳಿದರು, ಗೊಣಗಿಕೊಂಡು ಹೋದರು. ಕೆಲವೇ ದಿನಗಳಲ್ಲಿ ಆ ಅಂಗಡಿಯ ಹೆಸರು ಸಂಪೂರ್ಣ ಕೆಟ್ಟಿತು. ಮಹಡಿಯ ಮಳಿಗೆಯ ಮಾತನ್ನು ಮೇಲ್ವಿಚಾರಕ ಮತ್ತೆ ಎತ್ತಲಿಲ್ಲ. ಮಾಲು ಬೆಟ್ಟದಷ್ಟು ಇದ್ದುದರಿಂದ ಕಟ್ಟೆಯನ್ನು ಕಿತ್ತುಕೊಳ್ಳುವಂತೆಯೂ ಇರಲಿಲ್ಲ. ಲಾರಿಯವನು ಮೂಟೆ ಇಳಿಸಿ ಹೋಗಬೇಕಾಗಿದ್ದವನು, ಸ್ವಲ್ಪ ಹೊತ್ತು ಇದ್ದು ಹೋಗುತ್ತೇನೆ ಎಂದು ಕೂತ. ಈಗ ಬೆಳಗ್ಗೆ ದೊಡ್ಡಮ್ಮನಿಗಿಂತ ಮೊದಲೇ ಬಂದಿರುತ್ತಾನೆ. ಮೀನಿನವನು ತನ್ನ ಮಗಳ ಕಥೆಯನ್ನು ಇಬ್ಬರಿಗೂ ಹೇಳುತ್ತಾನೆ. ಇಬ್ಬರೂ ಸೇರಿ ಅದನ್ನು ಕೆಡಿಸುತ್ತಾರೆ.

ಆತನಿಗೆ ಒಂದು ಅಭ್ಯಾಸವಿದೆ. ದಿನವೂ ಅಂಗಡಿ ಹಾಕಿದ ಕೂಡಲೇ ಒಂದೊಂದನ್ನೂ ಎತ್ತಿಕೊಂಡು ಪಾಲಿಶ್ ಹಚ್ಚಿ, ಬಟ್ಟೆಯಿಂದ ಉಜ್ಜಿ, ಪಟ್ಟಿ ಸಡಿಲವಾಗಿದ್ದರೆ ಚಪ್ಪಲಿಯವನಿಂದ ಹೊಲಿಸಿ ಇಡುತ್ತಾನೆ. ಮೊನ್ನೆ ಮೇಲ್ವಿಚಾರಕ ಬಂದು ವ್ಯಾಪಾರ ಹೇಗಿದೆ ಎಂದು ವಿಚಾರಿಸಿದ. ಮೈಕನ್ನು ಅವನಿಂದ ವಾಪಸು ತೆಗೆದುಕೊಂಡಿದ್ದಾರೆ, ಈಗ ಮೆಲ್ಲಗೆ ಮಾತಾಡುತ್ತಾನೆ. ದೇವರ ದಯೆ, ಇವತ್ತಿನವರೆಗೂ ಒಂದೂ ಹೋಗಿಲ್ಲ ಎಂದರು ದೊಡ್ಡಮ್ಮ. ಅವನು ಲಾರಿಯವನ ಕೈಯಲ್ಲಿ ಫಳಫಳ ಹೊಳೆಯುತ್ತಿದ್ದ ಬೂಟನ್ನು ನೋಡುತ್ತ, ಹೋಗಬಾರದು ಎಂದೇ ನಿಮ್ಮ ಆಸೆಯಾದರೆ ದಿನಾ ಯಾಕೆ ಇಷ್ಟೊಂದು ಉಜ್ಜುತ್ತೀರಿ ಎಂದು ಕೇಳಿದ.

“ಯಾರೂ ಬರದೇ ಇರ್ಲಿ ಅಂತಾನೇ ಬೇಡ್ಕೋತೀವಿ ಸಾರ್,” ಎಂದ ಲಾರಿಯವನು. “ಆದ್ರೆ ನನ್ನ ಹಾಗೆ ಒಬ್ಬ ಬಂದೇಬಿಟ್ರೆ, ಅವನಿಗೆ ಒಳ್ಳೇದು ಸಿಗ್ಬೇಕಲ್ಲ.”

ಹಾಗೆಂದು, ಉಜ್ಜಿದ ಬೂಟನ್ನು ಕೆಳಗಿಟ್ಟು ಪಕ್ಕದ್ದಕ್ಕೆ ಕೈ ಹಾಕಿದ.